ಎರಡನೇ ಅಂತಸ್ತಿನ ಬಾಕ್ಸಿನಲ್ಲಿ ಕೂತಿದ್ದವನು

ಅಮ್ಮ ತೀರಿಹೋದ ವಾರ ನಾನು ಒಂದು ನಾಟಕಶಾಲೆಯ ಕಸ ಗುಡಿಸುತ್ತಿದ್ದೆ. ನಾಟಕಶಾಲೆ ಇದ್ದದ್ದು ಇಟಲಿಯ ಒಂದು ಬೆಟ್ಟದೂರಿನಲ್ಲಿ, ನಾನಿದ್ದದ್ದು ಐರ್ಲೆಂಡಿನ ಅತ್ಲೋನಿನಲ್ಲಿ, ಅಮ್ಮ ಹೋದದ್ದು ಮೈಸೂರಿನಲ್ಲಿ. ಮೂರೂ ಊರುಗಳು ನನ್ನ ಅಡುಗೆಮನೆಯಲ್ಲೇ ಇದ್ದವು. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಕಿಟಕಿಯಾಚೆ, ಇನ್ನೊಂದು ಫೋನಿನಲ್ಲಿ.

ಕೊರೊನಾದ ಎರಡನೇ ವರ್ಷ ಅದು. ಊರಿನಲ್ಲಿ ಎರಡನೇ ಅಲೆ ಎದ್ದಿತ್ತು. ಅಮ್ಮ ನನ್ನ ತಮ್ಮನ ಮನೆಯಲ್ಲಿದ್ದಳು. ಜ್ವರ ಬಂತು, ಟೆಸ್ಟು ಪಾಸಿಟಿವ್ ಬಂತು, ಆಸ್ಪತ್ರೆಯಲ್ಲಿ ಬೆಡ್ ಸಿಗಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದುದರಿಂದ ಅವಳನ್ನು ಹಿಂದಿನ ಕೋಣೆಯಲ್ಲಿ ಬೇರೆ ಇರಿಸಿದರು. ಹೊಸ್ತಿಲ ಹೊರಗೆ ತಟ್ಟೆ ಇಟ್ಟು ದೂರ ಸರಿಯುವುದು, ಅವಳು ಬಾಗಿಲು ತೆಗೆದು ಒಳಗೆ ಒಯ್ಯುವುದು, ಹೀಗೆ ನಡೆದಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಚೆನ್ನಾಗಿಯೇ ಇದ್ದಾಳೆ ಅನ್ನುತ್ತಿತ್ತು. ಒಂದು ಬೆಳಿಗ್ಗೆ ಹೊಸ್ತಿಲಲ್ಲಿಟ್ಟ ಕಾಫಿ ಹಾಗೇ ಆರಿತು.

ವಿಮಾನ ಸರಿಯಾಗಿ ಇರಲಿಲ್ಲ. ಹೋದರೂ ವಾಪಸ್ಸು ಬರುವುದು ಯಾವಾಗಲೋ, ಬಂದರೆ ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದರು. ತಮ್ಮ ಫೋನು ಹಿಡಿದು ತೋರಿಸಿದ. ಮೈತುಂಬ ಬಿಳಿ ಉಡುಪು ಹಾಕಿಕೊಂಡ ನಾಲ್ಕು ಜನ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಮುಖ ಕಾಣಲಿಲ್ಲ. ಸಿಗ್ನಲ್ ಎಷ್ಟು ಚೆನ್ನಾಗಿ ಬರ್ತಿದೆಯಲ್ಲ ಅಂದುಕೊಂಡೆ. ನಿಜವಾಗಿಯೂ ನನ್ನ ತಲೆಯಲ್ಲಿ ಆಗ ಬಂದದ್ದು ಅದೊಂದೇ.

ಅಳು ಬರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಮದುವೆಯಾದ ಮಗಳಿಗೆ ಮೂರು ದಿನದ ಸೂತಕ. ಸ್ನಾನ ಮಾಡಿ ಸೂತಕ ಕಳೆದುಕೊಂಡು, ಸಾರು ಇಟ್ಟು, ಲ್ಯಾಪ್‌ಟಾಪ್ ತೆರೆದೆ. ನೆಂಟರು ಫೋನು ಮಾಡಿ ‘ಅತ್ತುಬಿಡು, ಒಳಗಿಟ್ಕೋಬೇಡ’ ಎಂದು ಒತ್ತಾಯ ಮಾಡಿದರು. ಒಳಗೆ ಏನಾದರೂ ಇದ್ದರೆ ತಾನೆ ಇಟ್ಟುಕೊಳ್ಳುವುದು. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು, ಎಲ್ಲಕ್ಕೂ ವಾಪಸ್ಸು ಕೈಮುಗಿದು ಕಳಿಸಿದೆ. ಪಕ್ಕದ ಮನೆಯ ಐರಿಷ್ ಹೆಂಗಸು ಬೇಲಿಯಾಚೆಯಿಂದ ‘ಸಾರಿ ಫಾರ್ ಯುವರ್ ಟ್ರಬಲ್’ ಎಂದಳು. ಸಾವಿನ ಮನೆಯವರಿಗೆ ಇಲ್ಲಿ ಹಾಗೇ ಹೇಳುವುದು. ನಾನು ‘ಗ್ರ್ಯಾಂಡ್, ಗ್ರ್ಯಾಂಡ್’ ಎಂದೆ. ಪರವಾಗಿಲ್ಲ ಅನ್ನುವುದಕ್ಕೆ ಈ ದೇಶದಲ್ಲಿ ಮಳೆಗೂ ಗ್ರ್ಯಾಂಡ್, ಜ್ವರಕ್ಕೂ ಗ್ರ್ಯಾಂಡ್. ನನಗೂ ಅಭ್ಯಾಸವಾಗಿತ್ತು.

ಮಗಳು, ಇಲ್ಲೇ ಹುಟ್ಟಿದವಳು, ಒಂದು ಸಂಜೆ ನನ್ನ ಕುರ್ಚಿಯ ಹಿಂದೆ ನಿಂತು, ‘ಆರ್ ಯು ನಾಟ್ ಸ್ಯಾಡ್, ಅಮ್ಮಾ?’ ಎಂದು ಕೇಳಿದಳು. ‘ಇದೀನಿ ಕಣೆ’ ಎಂದೆ. ಅವಳು ನಂಬಲಿಲ್ಲ. ಮಕ್ಕಳಿಗೆ ಇಂಥದ್ದೆಲ್ಲ ಬೇಗ ಗೊತ್ತಾಗುತ್ತದೆ. ಗಂಡ ಒಳಕೋಣೆಯಿಂದ ಡಬ್ಲಿನ್ ಆಫೀಸಿನ ಮೀಟಿಂಗುಗಳಲ್ಲಿ ಮಾತಾಡುತ್ತಲೇ ಇದ್ದ. ಅವನಿಗೂ ನನ್ನ ಹತ್ತಿರ ಏನು ಮಾತಾಡಬೇಕೋ ತಿಳಿದಿರಲಿಲ್ಲ.

ಇನ್ನು ಆ ನಾಟಕಶಾಲೆಯ ವಿಷಯ. ಐರ್ಲೆಂಡಿನಲ್ಲಿ ಮೀನು, ಆಲೂಗೆಡ್ಡೆ ಕರಿದು ಮಾರುವ ಚಿಪ್ಸ್ ಅಂಗಡಿಗೆ ಚಿಪ್ಪರ್ ಅನ್ನುತ್ತಾರೆ. ಚಿಪ್ಪರ್ ಇಟ್ಟವರಲ್ಲಿ ಬಹಳ ಮಂದಿ ಇಟಲಿಯವರು, ಅದರಲ್ಲೂ ಒಂದೇ ಕಡೆಯ ನಾಲ್ಕಾರು ಬೆಟ್ಟದೂರುಗಳಿಂದ ಬಂದವರು. ಅಂಥ ಒಂದು ಊರಿನಲ್ಲಿ ಹಳೆಯದೊಂದು ಪುಟ್ಟ ನಾಟಕಶಾಲೆ. ಬಹಳ ಕಾಲ ಮುಚ್ಚಿದ್ದು ರಿಪೇರಿಯಾಗುತ್ತಿತ್ತು. ಊರಿನ ಅರ್ಧ ಜನ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕರಿಯುತ್ತಿದ್ದಾರಲ್ಲ, ಅವರೆಲ್ಲ ಮನೆಯಲ್ಲೇ ಕೂತು ಅದರೊಳಗೆ ಓಡಾಡುವಂತೆ ಕಂಪ್ಯೂಟರಿನಲ್ಲಿ ಕಟ್ಟಿಕೊಡಿ ಎಂದು ಊರಿನ ಪುರಸಭೆ ನಮ್ಮ ಕಂಪನಿಗೆ ಕೆಲಸ ಒಪ್ಪಿಸಿತ್ತು.

ಅಳತೆ ಆಗಿದ್ದು ಕೊರೊನಾಕ್ಕೆ ಸ್ವಲ್ಪ ಮುಂಚೆ. ಮುಕ್ಕಾಲಿಯ ಮೇಲಿನ ಯಂತ್ರವೊಂದು ನಿಂತಲ್ಲೇ ಸುತ್ತಿ ಎಲ್ಲ ಕಡೆಗೂ ಲೇಸರ್ ಬೆಳಕು ಬಿಡುತ್ತದೆ. ಬೆಳಕು ಎಲ್ಲಿ ತಾಗಿ ವಾಪಸ್ಸು ಬರುತ್ತದೋ ಅಲ್ಲೊಂದು ಚುಕ್ಕೆ. ಕೋಟಿಗಟ್ಟಲೆ ಚುಕ್ಕೆ ಸೇರಿದರೆ ಒಂದು ಕಟ್ಟಡ. ಆ ಹೊತ್ತಿನಲ್ಲಿ ಯಾರಾದರೂ ನಡೆದುಹೋದರೆ ಅವರೂ ಚುಕ್ಕೆಯಾಗುತ್ತಾರೆ, ಆದರೆ ಉಜ್ಜಿದ ರಂಗೋಲಿಯಂತೆ ಕಲಸಿಹೋಗಿರುತ್ತಾರೆ. ನಮ್ಮ ಕಸುಬಿನಲ್ಲಿ ಅವರಿಗೆ ದೆವ್ವ ಅನ್ನುತ್ತೇವೆ. ದೆವ್ವ ಬಿಡಿಸುವುದು ನನ್ನ ಕೆಲಸ. ಗಿರಾಕಿಗಳಿಗೆ ಯಾವಾಗಲೂ ಖಾಲಿ ಕಟ್ಟಡವೇ ಬೇಕು.

ಆ ನಾಟಕಶಾಲೆಯನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಅದರ ಮೊಳೆ ಮೊಳೆಯೂ ಗೊತ್ತಿತ್ತು. ಕುದುರೆ ಲಾಳದ ಆಕಾರ. ನೆಲದಲ್ಲಿ ಕುರ್ಚಿಗಳು, ಸುತ್ತಲೂ ಒಂದರ ಮೇಲೊಂದು ಎರಡು ಅಂತಸ್ತು, ಪುಟ್ಟ ಕೋಣೆಗಳಂಥ ಬಾಕ್ಸುಗಳು, ಎಲ್ಲಕ್ಕಿಂತ ಮೇಲೆ ಬರೀ ಬೆಂಚು ಹಾಕಿದ ಗ್ಯಾಲರಿ. ಮೈಸೂರಿನ ಟಾಕೀಸುಗಳಲ್ಲಿ ಗಾಂಧಿ ಕ್ಲಾಸು ಪರದೆಯ ಮುಂದೆ ಇರುತ್ತಿತ್ತು. ಇವರದು ಸೂರಿನ ಕೆಳಗೆ. ಅಲ್ಲಿಗೆ ಮುಂಬಾಗಿಲಿನಿಂದ ಹೋಗುವ ಹಾಗಿಲ್ಲ, ಪಕ್ಕದ ಸಂದಿಯಿಂದ ಕಡಿದಾದ ಬೇರೆ ಮೆಟ್ಟಿಲು. ದೊಡ್ಡವರ ಮೆಟ್ಟಿಲೂ ಬಡವರ ಮೆಟ್ಟಿಲೂ ಇಡೀ ಕಟ್ಟಡದಲ್ಲಿ ಒಂದು ಕಡೆಯೂ ಕೂಡುವುದಿಲ್ಲ. ಕಟ್ಟಿದವನು ಅಷ್ಟು ಜಾಗ್ರತೆ ವಹಿಸಿದ್ದ.

ಕಟ್ಟಿಸಿದವರು ಊರಿನ ಸ್ಥಿತಿವಂತರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡು, ಜಗಳವಾಗದಿರಲೆಂದು ಚೀಟಿ ಎತ್ತಿ ಬಾಕ್ಸುಗಳನ್ನು ಹಂಚಿಕೊಂಡರಂತೆ. ಮನೆತನಕ್ಕೊಂದು ಬಾಕ್ಸು, ಅದಕ್ಕೊಂದು ಬೀಗ, ಬೀಗದ ಕೈ ಮಗನಿಗೆ, ಮೊಮ್ಮಗನಿಗೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ, ಅದು ಸಂಘದ ಕಟ್ಟುನಿಟ್ಟು. ಒಳಗಿನ ಗೋಡೆ ಮಾತ್ರ ಅವರವರ ಇಷ್ಟ. ಒಂದರಲ್ಲಿ ಹಸಿರು ಬಣ್ಣ, ಒಂದರಲ್ಲಿ ಹೂವಿನ ಕಾಗದ, ಒಂದರಲ್ಲಿ ಕನ್ನಡಿ. ಆ ಕನ್ನಡಿ ಲೇಸರನ್ನು ಎಲ್ಲೆಲ್ಲಿಗೋ ಎರಚಿ ನನಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಅಮೃತಶಿಲೆಯ ಕಂಬವೆಂದು ಕಾಣುವುದು ಬಣ್ಣ ಹೊಡೆದ ಮರ. ಗುಮ್ಮಟದಂತೆ ಕಾಣುವ ಚಾವಣಿ ಜೊಂಡನ್ನು ಹೆಣೆದು ಮೇಲೆ ಗಾರೆ ಮೆತ್ತಿದ್ದು, ಅದರ ಮೇಲೆ ಮೋಡದ ಚಿತ್ರ. ಆಟ ಶುರುವಾಗುವ ಮೊದಲೇ ಕಟ್ಟಡ ನಾಟಕ ಆಡುತ್ತಿತ್ತು. ಒಳಗೆಲ್ಲ ಟೊಳ್ಳು ಮರವಾದ್ದರಿಂದ ವೇದಿಕೆಯ ಮೇಲಿನ ಪಿಸುಮಾತು ಸೂರಿನವರೆಗೂ ಕೇಳುತ್ತದೆಯಂತೆ. ಆಮೇಲೆ ಅದು ಸಿನಿಮಾ ಟಾಕೀಸಾಯಿತು, ಯುದ್ಧದಲ್ಲಿ ಗೋಧಿ ಗೋದಾಮಾಯಿತು, ಕೊನೆಗೆ ಬೆಂಕಿಯ ಭಯದಿಂದ ಬೀಗ ಬಿತ್ತು.

ಅಮ್ಮ ಹೋದ ಮೇಲೆ ಅಲ್ಲಿ ಓಡಾಡುವುದು ನನಗೆ ಸುಲಭವಾಗಿತ್ತು. ಯಾರೂ ಇಲ್ಲ, ಏನೂ ಕೇಳುವುದಿಲ್ಲ. ನೆಲದಿಂದ ಒಂದೊಂದೇ ದೆವ್ವವನ್ನು ಒರೆಸುತ್ತ ಮೇಲೆ ಹೋದೆ. ಎರಡನೇ ಅಂತಸ್ತಿನಲ್ಲಿ, ವೇದಿಕೆಗೆ ಸಮೀಪದ ಒಂದು ಬಾಕ್ಸಿನಲ್ಲಿ, ಒಬ್ಬ ಮುದುಕ ಕೂತಿದ್ದ.

ಕಲಸಿಹೋಗಿರಲಿಲ್ಲ. ಸ್ಪಷ್ಟವಾಗಿದ್ದ. ಚಪ್ಪಟೆ ಟೋಪಿ, ಕಟಕಟೆಯ ಮೇಲೆ ಎರಡೂ ಕೈ, ಮುಂದಕ್ಕೆ ಚಾಚಿದ ಗಲ್ಲ. ವೇದಿಕೆಯ ಮೇಲಿನ ಯಂತ್ರ ಒಂದು ಸುತ್ತು ಮುಗಿಸುವವರೆಗೂ ಅವನು ಅಲ್ಲಾಡಿರಲಿಲ್ಲ. ಅವನ ಹಿಂದೆ ಯಂತ್ರ ಹೋಗದಿದ್ದುದರಿಂದ ಬೆನ್ನೇ ಇರಲಿಲ್ಲ. ವರಮಹಾಲಕ್ಷ್ಮಿಯ ಬೆಳ್ಳಿ ಮುಖವಾಡದಂತೆ ಮುಂದೆ ಮುಖ, ಹಿಂದೆ ಟೊಳ್ಳು. ಟೀಮ್ ಲೀಡಿಗೆ ತೋರಿಸಿದೆ. ‘ತೆಗೆದುಬಿಡಿ, ಸೋಮವಾರ ಡೆಲಿವರಿ’ ಎಂದ. ತೆಗೆಯುವುದು ಎರಡು ನಿಮಿಷದ ಕೆಲಸ. ಆ ದಿನ ತೆಗೆಯಲಿಲ್ಲ. ಯಾಕೆ ಎಂದರೆ ಹೇಳಲಾರೆ, ಕನಿಕರವಂತೂ ಅಲ್ಲ. ಬೇಸರವಾಯಿತು, ಮುಚ್ಚಿಟ್ಟು ಚಿಪ್ಸ್ ತರಲು ಹೋದೆ.

ಶ್ಯಾನನ್ ನದಿಯ ಸೇತುವೆ ದಾಟಿ, ಕೋಟೆಯ ಹಿಂದಿನ ಬೀದಿಯಲ್ಲಿ ನಮ್ಮ ಚಿಪ್ಪರ್. ನಡೆಸುವವರು ಎಪ್ಪತ್ತು ದಾಟಿದ ಇಟಾಲಿಯನ್ ಹೆಂಗಸು. ನನ್ನ ಮಗಳು ಅವರಿಗಿಟ್ಟ ಹೆಸರು ಚಿಪ್ಪರ್ ಅಜ್ಜಿ. ಮದುವೆಯಾಗಿ ಬಂದ ಮೇಲೆ ಊರಿಗೆ ಹೋದದ್ದು ಅಪರೂಪ, ಇಂಗ್ಲಿಷು ಪೂರಾ ಅತ್ಲೋನಿನದು. ನಾನು ಅವರ ಊರಿನ ನಾಟಕಶಾಲೆಯ ಕೆಲಸ ಮಾಡುತ್ತಿದ್ದೇನೆಂದು ಅವರಿಗೆ ಮೊದಲೇ ತಿಳಿದಿತ್ತು. ಆ ದಿನ ಪ್ಲಾಸ್ಟಿಕ್ ಪರದೆಯಾಚೆ ಉಪ್ಪು, ವಿನಿಗರ್ ಹಾಕುತ್ತ, ‘ನಮ್ಮಣ್ಣನೇ ಅದರ ಬೀಗ ನೋಡ್ಕೋತಿದ್ದಿದ್ದು. ಗುಡಿಸೋದು, ಬಾಗಿಲು ತೆಗೆಯೋದು, ಹಾಕೋದು, ಎಲ್ಲ ಅವನೇ’ ಎಂದರು.

‘ಈಗ?’

‘ಹೋದ ವರ್ಷ ಹೋದ. ಮೊದಲನೇ ಅಲೆಯಲ್ಲಿ. ಪೆಟ್ಟಿಗೆ ಮುಚ್ಚಿಯೇ ತಂದರಂತೆ, ಪಾದ್ರಿ ಒಬ್ಬನೇ ಇದ್ದನಂತೆ. ನಾನು ಆ ಹೊತ್ತಿನಲ್ಲಿ ಇಲ್ಲಿ ಮೀನು ಕರೀತಾ ನಿಂತಿದ್ದೆ. ಅವನ ಮುಖ ಕೊನೇ ಸಲ ಹೇಗಿತ್ತೋ ನನಗೆ ಗೊತ್ತಿಲ್ಲ. ಬೇರೇನೂ ಬೇಡವಾಗಿತ್ತು, ಅದೊಂದು ಬೇಕಾಗಿತ್ತು.’

‘ಅವರು ಚಪ್ಪಟೆ ಟೋಪಿ ಹಾಕ್ಕೋತಿದ್ರಾ?’ ಎಂದು ಕೇಳಿದೆ.

ಅವರು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಶನಿವಾರ ಮಧ್ಯಾಹ್ನ, ಅಂಗಡಿ ತೆರೆಯುವ ಮುಂಚೆ, ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಮಾಸ್ಕು ಹಾಕಿಕೊಂಡು, ಪರದೆಯ ಈಚೆ ನಾನು, ಆಚೆ ಅವರು. ಎಣ್ಣೆ ಇನ್ನೂ ಕಾದಿರಲಿಲ್ಲ. ಕೌಂಟರಿನ ಮೇಲೆ ಲ್ಯಾಪ್‌ಟಾಪನ್ನು ಇಬ್ಬರಿಗೂ ಕಾಣುವಂತೆ ಓರೆಯಾಗಿಟ್ಟು, ಮುಂಬಾಗಿಲಿನಿಂದ ನಿಧಾನವಾಗಿ ಒಳಗೆ ಕರೆದುಕೊಂಡು ಹೋದೆ. ಅವರು ಕುರ್ಚಿಗಳನ್ನು ನೋಡಲಿಲ್ಲ, ಚಾವಣಿಯ ಮೋಡಗಳನ್ನೂ ನೋಡಲಿಲ್ಲ. ‘ಎಲ್ಲಿ, ಎಲ್ಲಿ’ ಎನ್ನುತ್ತಿದ್ದರು. ಬಾಕ್ಸಿನ ಮುಂದೆ ತಂದು ನಿಲ್ಲಿಸಿದೆ.

‘ಅವನೇ’ ಎಂದರು. ಪ್ಲಾಸ್ಟಿಕ್ಕಿಗೆ ಮುಖ ಹತ್ತಿರ ತಂದು, ‘ತೂಕ ಇಳಿದಿದ್ದಾನೆ’ ಎಂದರು. ಆಮೇಲೆ ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು. ‘ಎಲ್ಲಿ ಕೂತಿದ್ದಾನೆ ನೋಡು! ಅಯ್ಯೋ ಕಳ್ಳ!’

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಅದು ಎಣ್ಣೆಗಾಣದ ಸಾಹುಕಾರರ ಬಾಕ್ಸು. ಇವರ ತಾಯಿ ಆ ಮನೆಯ ಬಟ್ಟೆ ಒಗೆಯುತ್ತಿದ್ದವರು. ಸಾಹುಕಾರರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಕಟ್ಟಡ ಪುರಸಭೆಗೆ ಸೇರಿತ್ತು. ಆದರೂ ಆ ಊರಿನಲ್ಲಿ ಒಬ್ಬರ ಬಾಕ್ಸಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಖಾಲಿ ಇದ್ದರೂ ಕೂರುವುದಿಲ್ಲ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಕೂರುವುದೂ ಇಲ್ಲ. ಅಣ್ಣನ ಹತ್ತಿರ ಎಲ್ಲ ಬಾಕ್ಸುಗಳ ಬೀಗದ ಕೈ ಇತ್ತು, ಜೀವನವಿಡೀ ಆ ಕುರ್ಚಿಗಳ ಧೂಳು ಹೊಡೆದವನು. ಕೂತನೆಂದು ಮಾತ್ರ ಯಾರೂ ಕಂಡಿರಲಿಲ್ಲ. ಅಳತೆಗೆ ಬಂದ ಪರವೂರಿನವರಿಗೆ ಇದೇನು ಗೊತ್ತು. ಅವರ ಎದುರು ಕೂತುಬಿಟ್ಟಿದ್ದ.

‘ಅಲ್ಲಿಂದ ಏನು ಕಾಣತ್ತೆ?’ ಎಂದು ಕೇಳಿದರು. ‘ನಾವು ಮೇಲಿನ ಗ್ಯಾಲರಿಯವರು. ಬೆಂಚಿನ ಮೇಲೆ ನಿಂತು ಬಗ್ಗಿ ನೋಡಬೇಕಿತ್ತು. ನಟರ ನೆತ್ತಿ ಕಾಣ್ತಿತ್ತು, ವೇದಿಕೆಯ ಅರ್ಧ ಕಂಬಕ್ಕೆ ಮರೆಯಾಗ್ತಿತ್ತು. ಅವನಿಗೆ ಏನು ಕಾಣ್ತಿದೆ ಅಂತ ತೋರಿಸ್ತೀಯಾ?’

ನಮ್ಮ ತಂತ್ರದಲ್ಲಿ ನೋಡುವ ಕಣ್ಣನ್ನು ಎಲ್ಲಿ ಬೇಕಾದರೂ ಇಡಬಹುದು. ಅವರ ಅಣ್ಣನ ತಲೆಯೊಳಕ್ಕೆ ಇಟ್ಟೆ. ತೆರೆಯ ತುಂಬ ಬೂದು ಚುಕ್ಕೆಗಳು ಮುತ್ತಿಕೊಂಡವು. ಅವನ ಮುಖದ್ದೇ ಚುಕ್ಕೆಗಳು, ಒಳಗಿನಿಂದ. ಅದರಾಚೆ ಏನೂ ಕಾಣಲಿಲ್ಲ.

‘ಅವರೇ ಅಡ್ಡ ಬರ್ತಿದಾರೆ’ ಎಂದೆ. ‘ಅವರನ್ನ ತೆಗೆದರೆ ಕಾಣತ್ತೆ.’

‘ತೆಗೆದರೆ ಮತ್ತೆ ಬರ್ತಾನಾ?’

ಸುಳ್ಳು ಹೇಳಲಿಲ್ಲ. ಬೇಕಾದರೆ ಸ್ವಲ್ಪ ಹೊತ್ತು ಮರೆ ಮಾಡಿ ವಾಪಸ್ಸು ತರಬಹುದು, ಆದರೆ ಸೋಮವಾರ ಹೇಗೂ ಪೂರ್ತಿ ತೆಗೆಯಲೇಬೇಕು, ಊರಿನವರು ಖಾಲಿ ನಾಟಕಶಾಲೆ ಕೇಳಿದ್ದಾರೆ ಎಂದೆ. ಫೋಟೋ ತೆಗೆದುಕೊಳ್ಳಿ ಎಂದೂ ಹೇಳಿದೆ. ಅವರು ಫೋನು ತಂದು ತೆರೆಯ ಮೇಲಿನ ಅಣ್ಣನ ಫೋಟೋ ಮೂರು ಸಲ ತೆಗೆದುಕೊಂಡರು. ಮೂರರಲ್ಲೂ ಹೆಬ್ಬೆರಳು ಬಂದಿತ್ತು, ನಾಲ್ಕನೆಯದನ್ನು ನಾನು ತೆಗೆದುಕೊಟ್ಟೆ. ಆಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೇಳಿದರು:

‘ಮರೆ ಮಾಡೋದೆಲ್ಲ ಬೇಡ. ಸೋಮವಾರಾನೂ ಬೇಡ. ಈಗಲೇ ತೆಗಿ. ಆಗ ನಾನಿರಲಿಲ್ಲ, ಈಗ ಇದ್ದೀನಿ.’

ಪ್ಲಾಸ್ಟಿಕ್ ಪರದೆಯ ಕೆಳಗಿನ ಕಿಂಡಿಯಿಂದ ಅವರ ಕೈ ಈಚೆ ಬಂತು. ಯಾವ ಕೀ ಎಂದು ತೋರಿಸಿದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು, ತಾವೇ ಒತ್ತಿದರು. ಚುಕ್ಕೆಗಳೆಲ್ಲ ಹೋದವು. ವೇದಿಕೆ ಅಂಚಿನಿಂದ ಅಂಚಿಗೆ ತೆರೆದುಕೊಂಡಿತು. ಇಳಿಜಾರಿನ ಹಲಗೆ ನೆಲ, ಎರಡೂ ಬದಿಯ ಸೈಡ್ ವಿಂಗುಗಳು, ಸುತ್ತಿ ಕಟ್ಟಿದ ಚಿತ್ರದ ಪರದೆ, ವೇದಿಕೆಯ ಹಿಂಗೋಡೆಯ ಪುಟ್ಟ ಬಾಗಿಲು ಕೂಡ.

‘ಇಷ್ಟೂ ಕಾಣ್ತಿತ್ತಾ ಆ ಸಾಹುಕಾರರಿಗೆ’ ಎಂದರು. ಸಿಟ್ಟು ಇತ್ತು ಮಾತಿನಲ್ಲಿ. ಆಮೇಲೆ ಸಿಟ್ಟು ಇಳಿದು, ‘ಕೊನೆಗೂ ನೋಡಿದನಲ್ಲ’ ಎಂದರು. ಅಣ್ಣ ನೋಡಿದ್ದನ್ನು ಅವರು ಬಹಳ ಹೊತ್ತು ನೋಡಿದರು. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಎಷ್ಟೋ ದಿನಗಳ ಮೇಲೆ ನನಗೆ ಏನಾದರೂ ಆಗಿದ್ದು ಅದೇ ಮೊದಲು.

ಮನೆಗೆ ಹೋಗಲಿಲ್ಲ. ಕೋಟೆಯ ಕೆಳಗೆ ನದಿಯ ದಂಡೆಯಲ್ಲಿ ಒಂದು ಬೆಂಚಿತ್ತು, ಅಲ್ಲಿ ಕೂತು ತಮ್ಮನಿಗೆ ಫೋನು ಮಾಡಿದೆ. ಅಲ್ಲಿ ಆಗ ಸಂಜೆ. ಹಿಂದಿನ ಕೋಣೆ ಹಾಗೇ ಇದೆಯಾ ಎಂದು ಕೇಳಿದೆ. ಔಷಧಿ ಹೊಡೆದು ಮುಚ್ಚಿದ್ದೀವಿ, ಮಂಚ ಅಲ್ಲೇ ಇದೆ ಎಂದ.

‘ಹೋಗಿ ಅದರ ಮೇಲೆ ಮಲಗ್ತೀಯಾ?’

‘ಯಾಕಕ್ಕ? ಏನಾಯ್ತು ನಿಂಗೆ?’

‘ಅಮ್ಮ ಮಲಗ್ತಿದ್ದ ಹಾಗೆ ಮಲಗು. ಅಲ್ಲಿಂದ ಏನೇನು ಕಾಣತ್ತೆ ಹೇಳು.’

ಅವನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಆದರೂ ಹೋದ. ಚಿಲಕದ ಸದ್ದು ಕೇಳಿತು, ಮಂಚ ಕಿರುಗುಟ್ಟಿತು.

‘ಫ್ಯಾನು’ ಎಂದ. ‘ಮೂಲೇಲಿ ಬಲೆ. ಅಷ್ಟೇ.’

‘ಅಮ್ಮ ಅಂಗಾತ ಮಲಗ್ತಿರ್ಲಿಲ್ಲ. ಎಡಕ್ಕೆ ತಿರುಗು.’

ಮಗ್ಗುಲು ಬದಲಿಸಿದ ಸದ್ದಾಯಿತು. ಆಮೇಲೆ ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ.

‘ಬಾಗಿಲು ಕಾಣತ್ತೆ’ ಎಂದ. ‘ಮುಚ್ಚಿರೋ ಬಾಗಿಲು. ಅದರ ಕೆಳಗೆ ಸಂದಿ ಇದೆ. ಹಜಾರದ ಬೆಳಕು ಬರ್ತಿದೆ. ನನ್ ಹೆಂಡ್ತಿ ಹೊರಗೆ ನಿಂತಿದಾಳೆ ಈಗ, ಏನು ಮಾಡ್ತಿದೀನಿ ಅಂತ. ಅವಳ ಪಾದ ಕಾಣ್ತಿದೆ, ಅಕ್ಕ.’

ಅವನೇ ಮುಂದುವರಿಸಿದ.

‘ನಾನು ದಿನಾ ಹೋಗಿ ನಿಂತ್ಕೊತಿದ್ದೆ ಕಣಕ್ಕ. ಕೂಗಿದ್ರೆ ಎಚ್ಚರ ಆಗತ್ತೆ ಅಂತ ಕೂಗ್ತಿರ್ಲಿಲ್ಲ. ಸುಮ್ನೆ ನಿಂತು ಉಸಿರು ಕೇಳತ್ತಾ ಅಂತ ನೋಡಿ ಬರ್ತಿದ್ದೆ. ಒಬ್ಬಳೇ ಇದ್ಲು, ಯಾರೂ ಹತ್ರ ಇರ್ಲಿಲ್ಲ ಅಂತ ಇಷ್ಟು ದಿನ…’ ಮಂಚ ಮತ್ತೆ ಕಿರುಗುಟ್ಟಿತು. ‘ಅಮ್ಮಂಗೆ ಕಾಣ್ತಿತ್ತು ಅಕ್ಕ. ನನ್ನ ಪಾದ ಕಾಣ್ತಿತ್ತು.’

‘ಹೂಂ ಕಣೋ’ ಎಂದೆ. ‘ಕಾಣ್ತಿತ್ತು.’

ಅವನು ಅಮ್ಮನ ಮಂಚದ ಮೇಲೆ ಮಲಗಿಕೊಂಡೇ ಜೋರಾಗಿ ಅಳತೊಡಗಿದ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಆ ಬಾಗಿಲಿನ ಸಂದಿಯಲ್ಲಿ ಅಮ್ಮನಿಗೆ ಮಗನ ಪಾದ ಕಂಡಿತ್ತು, ಸೊಸೆಯದು ಕಂಡಿತ್ತು, ಓಡಾಡುವ ಮೊಮ್ಮಕ್ಕಳದು ಕಂಡಿತ್ತು. ನನ್ನದು ಒಂದು ಸಲವೂ ಕಂಡಿರಲಿಲ್ಲ. ಆಗ ನನಗೆ ಅಮ್ಮ ಬೇಕು ಅನ್ನಿಸಿತು, ಆ ನದಿಯ ದಂಡೆಯಲ್ಲಿ ಕೂತು ಬಾಯಿಬಿಟ್ಟು ಅತ್ತೆ.